ದನಗಳ ಮೈಬಣ್ಣವೂ ವಂಶಗುಣವೂ

ಆಳಂದ ತಾಲೂಕಿನ ಸರಸಂಬಾ ಮೊದಲಾದ ಗಡಿಗ್ರಾಮಗಳು ದೇವಣಿ ತಳಿಯ ಸೀಮೆಗೆ ಸಮೀಪವಾದವು. ಲಾತೂರ, ಬೀದರ ಜಿಲ್ಲೆಗಳು ಈ ತಳಿಯ ನೆಲೆ. ಇದರಲ್ಲಿ ಬಣ್ಣದ ಮೇಲಿಂದಲೇ ಮೂರು ಬಗೆಗಳನ್ನು ಗುರುತಿಸುವರು: ಬಿಳಿಯ ಮೈ ಹಾಗೂ ಕಪ್ಪು ಮುಖದ ವಾನೇರಾ, ಮೈಯ ಕೆಳಭಾಗದಲ್ಲಿ ಕಪ್ಪು ಮಚ್ಚೆಗಳುಳ್ಳ ಬಾಲಂಕ್ಯಾ, ಮೈಮೇಲೆಲ್ಲ ಅಲ್ಲಲ್ಲಿ ಕಪ್ಪು ಮಚ್ಚೆಗಳುಳ್ಳ ಶೇವರಾ. ಹೀಗೆ ಬಣ್ಣಕ್ಕೆ ಬೆಲೆಯಿರುವಲ್ಲಿ ಅದು ತಾಯಿತಂದೆಗಳಿಂದ ಕರುವಿಗೆ ಹೇಗೆ ಇಳಿಯುತ್ತದೆಂಬುದನ್ನು ತಿಳಿದಿರುವುದು ಅವಶ್ಯ.

ಕಪ್ಪು ಆಕಳಿಗೆ ಕಪ್ಪು ಹೋರಿಯಿಂದಲೇ ಗರ್ಭ ನಿಂತಿದ್ದರೂ ಕೆಲವೊಮ್ಮೆ ಕೆಂಪು ಕರು ಹುಟ್ಟುವುದುಂಟು. ಆಗ ಒಡೆಯನು ಹೋರಿಯವನನ್ನಾಗಲಿ, ಕೃತಕ ಗರ್ಭಧಾರಣೆ ಮಾಡಿದವನನ್ನಾಗಲಿ ಸಂಶಯಿಸುವನು. ತಕರಾರು ಊರ ಹಿರಿಯರ ಮುಂದೆ ಬರುವುದು. ಬಣ್ಣವೊಂದರಿಂದಲೇ ಇಂತಹ ತಕರಾರನ್ನು ತೀರ್ಮಾನಿಸಲಾಗದು.

ಕೂದಲಿನ ಬಣ್ಣಕ್ಕೆ ಮೆಲನಿನ್ ಎಂಬ ವಸ್ತುವೇ ಕಾರಣ. ಅದರಲ್ಲಿ ಕಪ್ಪು, ಕೆಂಪು ಎಂದು ಎರಡು ಬಗೆ. ಮನುಷ್ಯರ ಕೂದಲಿನಲ್ಲಿಯೂ ಇವೇ ಎರಡು. ಯಾವುದು ತುಂಬಬೇಕೆಂಬುದನ್ನು ವಂಶವಾಹಿಗಳು ನಿಶ್ಚಯಿಸುತ್ತವೆ. ಕರುವು ತಾಯಿಯಿಂದ ಒಂದು ಪಾಲನ್ನೂ ತಂದೆಯಿಂದ ಒಂದು ಪಾಲನ್ನೂ ಪಡೆಯುತ್ತದೆ. ಈ ನಿಯಮವನ್ನು ಮೆಂಡಲ್ ಎಂಬ ಪಾದ್ರಿಯು ಬಟಾಣಿ ಗಿಡಗಳಲ್ಲಿ ಕಂಡು 1866ರಲ್ಲಿ ಪ್ರಕಟಿಸಿದನು.

ಹೋಲ್‌ಸ್ಟೀನ್ ತಳಿಯಲ್ಲಿ ಕಪ್ಪು ಪ್ರಬಲವಾದುದು, ಕೆಂಪು ಅಡಗುವಂತಹುದು. ಒಂದು ಪಾಲು ಕಪ್ಪು, ಇನ್ನೊಂದು ಪಾಲು ಕೆಂಪು ಇರುವ ರಾಸು ನೋಡಲು ಕಪ್ಪಾಗಿಯೇ ಇರುತ್ತದೆ. ಇಂತಹ ಆಕಳು ಹೋರಿಗಳು ಕೂಡಿದರೆ ಸರಾಸರಿ 4 ಕರುಗಳಲ್ಲಿ 3 ಕಪ್ಪು, 1 ಕೆಂಪು. ಆ 3 ಕಪ್ಪು ಕರುಗಳಲ್ಲಿ 2 ಕರುಗಳು ಕೆಂಪಂಶವನ್ನು ಒಳಗೆ ಹೊತ್ತಿರುತ್ತವೆ. ಇದು ಸರಾಸರಿಯ ಲೆಕ್ಕವೇ ಹೊರತು ಪ್ರತಿ ನಾಲ್ಕನೆಯ ಕರು ಕೆಂಪೆಂದು ಅರ್ಥವಲ್ಲ. ಮಿಶ್ರತಳಿಯ ಆಕಳುಗಳಲ್ಲಿ ನಾಡದನದ ಬಣ್ಣವೂ ಅಡಗಿರುವುದರಿಂದ ಬೇರೆ ಬಣ್ಣದ ಕರು ಹುಟ್ಟಿದರೆ ಸೋಜಿಗವಿಲ್ಲ.

ಅಡಗಿದುದನ್ನು ಕರುಗಳಿಂದ ಅರಿಯಬಹುದು. ಕಪ್ಪು ಹೋರಿಯನ್ನು ಕೆಂಪು ಹೋಲ್‌ಸ್ಟೀನ್ ಆಕಳುಗಳಿಗೆ ಕೊಡಿಸಿದಾಗ ಒಂದೇ ಒಂದು ಕೆಂಪು ಕರು ಹುಟ್ಟಿದರೂ ಹೋರಿಯಲ್ಲಿ ಕೆಂಪಂಶವಿದೆಯೆಂದು ಸಿದ್ಧ. ಅಂತಹ ಹೋರಿಗೆ ಸತತವಾಗಿ 10 ಕಪ್ಪು ಕರುಗಳೇ ಹುಟ್ಟುವ ಸಂಭವ 1024ರಲ್ಲಿ 1 ಮಾತ್ರ. ಈಗ ಕೂದಲಿನ ಬುಡವನ್ನು ಪರೀಕ್ಷಿಸಿಯೂ ಇದನ್ನು ತಿಳಿಯಬಹುದು. ಆದರೆ ಮಚ್ಚೆಗಳ ಆಕಾರಕ್ಕೆ ಹಲವು ವಂಶವಾಹಿಗಳು ಕಾರಣವಾಗುವುದರಿಂದ ಅವುಗಳಿಗೆ ಈ ಸುಲಭ ಲೆಕ್ಕ ಹೊಂದದು.

ಕೆಂಪು ಬಣ್ಣದಿಂದ ಹಾನಿಯಿಲ್ಲ. ಆದರೆ ರೋಗಗಳೂ ಇದೇ ದಾರಿಯಿಂದ ಬರುತ್ತವೆ. ಹೋಲ್‌ಸ್ಟೀನ್ ತಳಿಯ ಬ್ಲ್ಯಾಡ್ ಎಂಬ ದೋಷವು ಎರಡೂ ಕಡೆಯಿಂದ ಕೂಡಿ ಬಂದ ಕರು ರೋಗಗಳನ್ನು ತಡೆಯಲಾರದೆ ಎಳವೆಯಲ್ಲಿಯೇ ಸಾಯುತ್ತದೆ. ಒಂದೇ ಪಾಲು ಹೊತ್ತ ಹೋರಿ ಮಾತ್ರ ದಷ್ಟಪುಷ್ಟವಾಗಿ ಕಾಣುತ್ತದೆ. ಒಂದೇ ಹೋರಿಯನ್ನು ಅದರ ಮಕ್ಕಳಿಗೂ ಕೊಡಿಸಿದರೆ ಅಡಗಿದ ದೋಷಗಳು ಕೂಡುವ ಸಂಭವ ಹೆಚ್ಚು.

ಆದುದರಿಂದ ಗ್ರಾಮಪ್ರಮುಖರು ಊರ ಹೋರಿಯನ್ನಾಗಲಿ, ದೇವರ ಹೆಸರಿನಲ್ಲಿ ಬಿಟ್ಟ ಗೂಳಿಯನ್ನಾಗಲಿ ಅದರ ಮಣಕಗಳು ಬೆದೆಗೆ ಬರುವ ಮುನ್ನ ಬದಲಿಸತಕ್ಕದ್ದು. ಯಾವ ಆಕಳಿಗೆ ಯಾವ ಹೋರಿಯೆಂಬುದನ್ನು ದಿನಾಂಕ ಸಹಿತ ಬರೆದಿಡತಕ್ಕದ್ದು. ಹೋರಿಯನ್ನು ಕೊಳ್ಳುವಾಗ ಮೈಬಣ್ಣಕ್ಕಿಂತ ಮೊದಲು ಅದರ ತಾಯಿಯ ಹಾಲನ್ನೂ, ಹುಟ್ಟಿದ ಕರುಗಳನ್ನೂ ನೋಡುವುದು ಲಾಭಕರ.