ಮಶ್ರೂಮ್: ಒಂದು ಶಬ್ದದ ವಿಚಾರ

ಇಂಗ್ಲಿಷಿನ 'ಮಶ್ರೂಮ್' ಶಬ್ದ ನಿಮಗೆಲ್ಲ ಗೊತ್ತು. ಅಣಬೆ, ಅಂದರೆ ನಾಯಿಕೊಡೆ. ಆದರೆ ಇಂಗ್ಲಿಷಿನಲ್ಲಿ ಅದು ಕ್ರಿಯಾಪದವೂ ಹೌದು. ಅಂಗಡಿಗಳು 'ಮಶ್ರೂಮ್' ಆದವು ಅಂದರೆ ನೋಡನೋಡುತ್ತಲೇ ಬಹಳ ಅಂಗಡಿ ಎದ್ದವು ಎಂದು ಅರ್ಥ. ನಮ್ಮ ಪತ್ರಿಕೆಗಳೂ 'ನಾಯಿಕೊಡೆಗಳಂತೆ ತಲೆ ಎತ್ತಿವೆ' ಅಂತ ಬರೀತಾವ.

ಬಳಸುವಾಗ ಎಚ್ಚರ ಬೇಕು. ಇಂಗ್ಲಿಷಿನಲ್ಲಿ ಕೆಲವು ಸಲ ಬರೀ 'ಬೇಗ ಬೆಳೆಯಿತು' ಎಂದಷ್ಟೇ ಅರ್ಥ. ಕನ್ನಡದಲ್ಲಿ ಹೆಚ್ಚಾಗಿ ಅದು ಬೈಗುಳ. ಪರವಾನಗಿ ಇಲ್ಲದ ಕಟ್ಟಡ, ನಕಲಿ ದವಾಖಾನೆ, ಇಂಥವಕ್ಕೆ ಹೇಳುತ್ತಾರೆ. 'ನಮ್ಮ ಶಾಲೆ ನಾಯಿಕೊಡೆಯಂತೆ ಬೆಳೆಯಲಿ' ಅಂತ ಭಾಷಣ ಮಾಡಿದರೆ ಗುರುಗಳು ಸಿಟ್ಟಾದಾರು! ಇನ್ನು 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಎದ್ದದ್ದನ್ನು 'ಅಣಬೆ ಮೋಡ' ಎನ್ನುವುದು ಅದರ ಆಕಾರದಿಂದ.

ಹಾಗಾದರೆ ಅಣಬೆ ಖರೇನೇ ಒಂದು ರಾತ್ರಿಯಲ್ಲಿ ಬೆಳೆಯುತ್ತದೆಯೇ? ಇಲ್ಲ. ಮಣ್ಣಿನೊಳಗೆ, ಕೊಳೆತ ಕಟ್ಟಿಗೆಯೊಳಗೆ ಬಿಳಿ ನೂಲಿನಂಥ ಎಳೆಗಳು ಮೊದಲೇ ಹರಡಿರುತ್ತವೆ. ಅಣಬೆಯ ಮುಖ್ಯ ದೇಹ ಅದೇ. ಅದರಲ್ಲಿ ಸಣ್ಣ ಮೊಗ್ಗು ಮೂಡುತ್ತದೆ. ಮಳೆ ಬಿದ್ದ ಮೇಲೆ ಮೊಗ್ಗು ನೀರು ಹೀರಿ ಉಬ್ಬಿ ಹೊರಗೆ ಬರುತ್ತದೆ. ನಮಗೆ ಕಾಣುವುದು ಕಡೆಯ ಕೆಲಸ ಮಾತ್ರ. (ಹೊಲದಾಗ ಎದ್ದ ಅಣಬೆ ವಿಷ ಇರಬಹುದು, ಯಾರೂ ತಿನ್ನಬೇಡಿರಿ.)

ಈಗ ನಮ್ಮ ಸಮೀರವಾಡಿ ನೋಡೋಣ. ಗೋದಾವರಿ ಸಕ್ಕರೆ ಕಾರ್ಖಾನೆಯ ಸುತ್ತ ಬೆಳೆದ ಊರಿದು. ಹೊರಗಿನವರಿಗೆ ಕಾರ್ಖಾನೆ, ಕಾಲನಿ, ಅಂಗಡಿ ಎಲ್ಲಾ ಒಮ್ಮೆಲೇ ಎದ್ದಂಗ ಕಾಣಬಹುದು. ಆದರೆ ಇದಕ್ಕೂ ಕಾಣದ ಎಳೆಗಳಿವೆ. ಘಟಪ್ರಭೆಯ ನೀರು, ಎರಿ ಭೂಮಿ, ಸುಮಾರು 12 ತಿಂಗಳು ಹೊಲದಲ್ಲಿ ನಿಲ್ಲುವ ಕಬ್ಬು, ಬೆಳೆಯುವ ರೈತರು, ಬಿಸಿಲಾಗ ಕಡಿಯುವ ಗ್ಯಾಂಗಿನವರು. ಎಳೆ ಒಣಗಿದರೆ ಅಣಬೆ ಏಳುವುದಿಲ್ಲ. ಹಂಗೇ ನೀರು ಬತ್ತಿದರೆ ಕಬ್ಬಿಲ್ಲ, ಕಬ್ಬಿಲ್ಲದಿದ್ದರೆ ಕಾರ್ಖಾನೆ ನಡೆಯುವುದಿಲ್ಲ, ಕಾರ್ಖಾನೆ ನಿಂತರೆ ಅಂಗಡಿಗೂ ಗಿರಾಕಿ ಇಲ್ಲ.

ಆದ್ದರಿಂದ ಯಾವುದಾದರೂ 'ನಾಯಿಕೊಡೆಯಂತೆ' ಬೆಳೆಯಿತು ಅಂತ ಓದಿದಾಗ, ಅದರ ಕೆಳಗೆ ಎಳೆ ಎಷ್ಟು ದೂರ ಹರಡಿದೆ ಎಂದು ಮೊದಲು ಕೇಳಿರಿ. ನೀರು ಉಳಿಸಿದರೆ ನಮ್ಮೂರಿನ ಎಳೆ ಉಳಿಯುತ್ತದೆ.

– 7ನೇ ಇಯತ್ತೆ