ಡೆಸ್ಕ್‌ಟಾಪ್ ಗಣಕಯಂತ್ರದ ವೈ-ಫೈ ಅಡಾಪ್ಟರ್

ವೈ-ಫೈ ಅಡಾಪ್ಟರ್ ಎಂಬುದು ಗಣಕಯಂತ್ರವನ್ನು ತಂತಿಯ ನೆರವಿಲ್ಲದೆ, ರೇಡಿಯೋ ತರಂಗಗಳ ಮೂಲಕ ಮನೆಯ ಅಥವಾ ಕಚೇರಿಯ ಜಾಲಕ್ಕೂ, ಆ ಮೂಲಕ ಅಂತರಜಾಲಕ್ಕೂ ಜೋಡಿಸುವ ಸಾಧನ. ಲ್ಯಾಪ್‌ಟಾಪ್ ಮತ್ತು ಮೊಬೈಲ್‌ಗಳಲ್ಲಿ ಇದು ಮೊದಲೇ ಅಡಕವಾಗಿರುತ್ತದೆ. ಡೆಸ್ಕ್‌ಟಾಪ್‌ಗಳಲ್ಲಿ, ಅದರಲ್ಲೂ ಹಳೆಯವುಗಳಲ್ಲಿ, ಅನೇಕ ವೇಳೆ ಈಥರ್‌ನೆಟ್ ತಂತಿಯನ್ನು ಸಿಕ್ಕಿಸುವ ಕಿಂಡಿ ಮಾತ್ರ ಇರುವುದರಿಂದ ಅಡಾಪ್ಟರನ್ನು ಪ್ರತ್ಯೇಕವಾಗಿ ಕೊಳ್ಳಬೇಕಾಗುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾದ ವೇಗದ ಅಂಕಿಯನ್ನು ನೋಡಿ ಆರಿಸುವುದು ವಾಡಿಕೆ. ಆದರೆ ಬಳಕೆಯಲ್ಲಿ ದೊರೆಯುವ ವೇಗವು ಬಹುಮಟ್ಟಿಗೆ ಆಂಟೆನಾ ಇರುವ ಸ್ಥಳ, ರೂಟರಿನ ಸಾಮರ್ಥ್ಯ ಹಾಗೂ ಡ್ರೈವರ್ ತಂತ್ರಾಂಶ ಇವುಗಳನ್ನು ಅವಲಂಬಿಸಿರುತ್ತದೆ.

ಮಾನಕಗಳು ಮತ್ತು ವೇಗ

ವೈ-ಫೈ ಸಾಧನಗಳು ಐಇಇಇ 802.11 ಎಂಬ ಮಾನಕವನ್ನು ಅನುಸರಿಸುತ್ತವೆ. 1997ರಲ್ಲಿ ಹೊರಬಂದ ಇದರ ಮೊದಲ ರೂಪದಲ್ಲಿ ಗರಿಷ್ಠ ವೇಗ ಸೆಕೆಂಡಿಗೆ 2 ಮೆಗಾಬಿಟ್ ಮಾತ್ರ. ಮುಂದಿನ ರೂಪಗಳ ಹೆಸರುಗಳು ಜನಸಾಮಾನ್ಯರಿಗೆ ತೊಡಕಾದುದರಿಂದ ವೈ-ಫೈ ಅಲಯನ್ಸ್ ಸಂಸ್ಥೆಯು 2018ರಲ್ಲಿ ಸರಳ ಸಂಖ್ಯೆಗಳನ್ನು ಬಳಕೆಗೆ ತಂದಿತು. ಅದರಂತೆ 802.11ಎನ್ ವೈ-ಫೈ 4, 802.11ಎಸಿ ವೈ-ಫೈ 5, 802.11ಎಎಕ್ಸ್ ವೈ-ಫೈ 6 ಎನಿಸಿಕೊಂಡವು.

ಹೊಸ ಅಡಾಪ್ಟರ್ ಹಳೆಯ ರೂಟರಿನೊಡನೆಯೂ ಕೆಲಸ ಮಾಡುತ್ತದೆ. ಆದರೆ ಸಂಪರ್ಕವು ಎರಡರಲ್ಲಿ ಹಳೆಯದಾದ ಮಾನಕಕ್ಕೆ ಇಳಿಯುತ್ತದೆ. ವೈ-ಫೈ 4ರ ರೂಟರ್ ಇರುವ ಮನೆಯಲ್ಲಿ ವೈ-ಫೈ 6ರ ಅಡಾಪ್ಟರಿಗೆ ತೆತ್ತ ಹೆಚ್ಚಿನ ಹಣ, ರೂಟರನ್ನು ಬದಲಿಸುವವರೆಗೆ ಹೆಚ್ಚೇನೂ ಫಲ ಕೊಡದು.

'ಎಸಿ 1200' ಎಂಬಂಥ ಬರಹಗಳು ಗ್ರಾಹಕರನ್ನು ದಾರಿ ತಪ್ಪಿಸುವಂತಿವೆ. ಇದು 2.4 ಗಿಗಾಹರ್ಟ್ಸ್ ಪಟ್ಟಿಯ 300 ಮತ್ತು 5 ಗಿಗಾಹರ್ಟ್ಸ್ ಪಟ್ಟಿಯ 867 ಮೆಗಾಬಿಟ್‌ಗಳನ್ನು ಕೂಡಿಸಿ ಪೂರ್ಣಾಂಕಕ್ಕೆ ತಂದ ಮೊತ್ತ. ಈ ಬಗೆಯ ಅಡಾಪ್ಟರ್ ಒಂದು ಸಮಯಕ್ಕೆ ಒಂದೇ ಪಟ್ಟಿಯನ್ನು ಬಳಸುವುದರಿಂದ ಆ ಮೊತ್ತ ಎಂದೂ ಕೈಗೆ ಬರುವುದಿಲ್ಲ. ಅದನ್ನು ಯುಎಸ್‌ಬಿ 2.0 ಕಿಂಡಿಗೆ ಸಿಕ್ಕಿಸಿದರಂತೂ ಆ ಕಿಂಡಿಯ ಮಿತಿಯೇ 480 ಮೆಗಾಬಿಟ್. ಇನ್ನು ಅಂತರಜಾಲದ ಸಂಪರ್ಕವೇ 100 ಮೆಗಾಬಿಟ್ಟಿನದಾಗಿದ್ದರೆ ಈ ಲೆಕ್ಕಾಚಾರವೆಲ್ಲ ಅನಗತ್ಯ.

2.4 ಗಿಗಾಹರ್ಟ್ಸ್ ಪಟ್ಟಿಯ ತರಂಗಗಳು ಗೋಡೆಗಳನ್ನು ಹೆಚ್ಚು ಚೆನ್ನಾಗಿ ದಾಟುತ್ತವೆ. ಆದರೆ ಅಲ್ಲಿ ಒಂದನ್ನೊಂದು ಅತಿಕ್ರಮಿಸದ ಚಾನೆಲ್‌ಗಳು ಸಾಮಾನ್ಯವಾಗಿ ಮೂರೇ: 1, 6 ಮತ್ತು 11. ಬ್ಲೂಟೂತ್ ಸಾಧನಗಳು, ಮೈಕ್ರೋವೇವ್ ಒಲೆ, ಅಕ್ಕಪಕ್ಕದ ಮನೆಗಳ ರೂಟರುಗಳು ಎಲ್ಲವೂ ಅದೇ ಪಟ್ಟಿಯಲ್ಲಿ ನೆರೆದಿರುತ್ತವೆ. ಆದ್ದರಿಂದ ವಠಾರ ಹಾಗೂ ಬಹುಮಹಡಿ ಕಟ್ಟಡಗಳಲ್ಲಿ ಎರಡೂ ಪಟ್ಟಿಗಳಿಗೆ ಹೊಂದುವ ಅಡಾಪ್ಟರೇ ಲೇಸು.

ರೂಪ ಮತ್ತು ಆಂಟೆನಾ

ಬೆರಳಿನ ಉಗುರಿನಷ್ಟು ಚಿಕ್ಕದಾದ ಯುಎಸ್‌ಬಿ ಅಡಾಪ್ಟರ್ ಅಗ್ಗ, ಜೋಡಣೆಯೂ ಸುಲಭ. ಅದರ ದೋಷವಿರುವುದು ಸ್ಥಾನದಲ್ಲಿ. ಗಣಕಯಂತ್ರದ ಉಕ್ಕಿನ ಕ್ಯಾಬಿನೆಟ್ ಸಾಮಾನ್ಯವಾಗಿ ಮೇಜಿನ ಕೆಳಗೆ, ಹಿಂಬದಿಯನ್ನು ಗೋಡೆಗೆ ತಿರುಗಿಸಿಕೊಂಡು ನಿಂತಿರುತ್ತದೆ. ಹಿಂದಿನ ಕಿಂಡಿಯಲ್ಲಿ ಸಿಕ್ಕಿಸಿದ ಪುಟ್ಟ ಆಂಟೆನಾಕ್ಕೂ ರೂಟರಿಗೂ ನಡುವೆ ಆ ಉಕ್ಕಿನ ಪೆಟ್ಟಿಗೆಯೇ ಅಡ್ಡ. ತರಂಗಗಳಿಗೆ ಇಟ್ಟಿಗೆಯ ಗೋಡೆಗಿಂತ ಲೋಹದ ತಗಡು ದೊಡ್ಡ ತಡೆ. ಸಾಲದುದಕ್ಕೆ, ಯುಎಸ್‌ಬಿ 3.0 ಕಿಂಡಿ ಮತ್ತು ಕೇಬಲ್‌ಗಳು 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೋ ಗದ್ದಲವನ್ನು ಹೊಮ್ಮಿಸುತ್ತವೆಂದು ಇಂಟೆಲ್ ಸಂಸ್ಥೆಯೇ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ ವಿವರಿಸಿದೆ. ಒಂದು ಮೀಟರಿನ ಯುಎಸ್‌ಬಿ ವಿಸ್ತರಣಾ ಕೇಬಲ್ ಬಳಸಿ ಅಡಾಪ್ಟರನ್ನು ಮೇಜಿನ ಮೇಲಕ್ಕೆ ತಂದರೆ ಈ ಎರಡೂ ತೊಂದರೆಗಳು ಬಹಳಷ್ಟು ತಗ್ಗುತ್ತವೆ. ಹೊಸ ಅಡಾಪ್ಟರ್ ಕೊಳ್ಳುವ ಮುನ್ನ ಈ ಅಲ್ಪವೆಚ್ಚದ ಪ್ರಯೋಗವನ್ನು ಮಾಡಿ ನೋಡುವುದು ಯುಕ್ತ.

ಕ್ಯಾಬಿನೆಟ್ಟನ್ನು ತೆರೆಯಲು ಅಂಜದವರು ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಕೂರುವ ಕಾರ್ಡನ್ನು ಆರಿಸಬಹುದು. ಇದರಲ್ಲಿಯೂ ಆಂಟೆನಾಗಳನ್ನು ಕಾರ್ಡಿನ ಹಿಂಭಾಗಕ್ಕೇ ತಿರುಪುವ ಬಗೆಗಿಂತ, ತಂತಿಯ ತುದಿಯಲ್ಲಿ ಆಂಟೆನಾ ಇದ್ದು ಬೇಕಾದೆಡೆ ಇರಿಸಬಹುದಾದ ಬಗೆ ಮೇಲು. ಇಂಥ ಕಾರ್ಡಿನಲ್ಲಿ ಬ್ಲೂಟೂತ್ ಕೂಡ ಇದ್ದರೆ, ಅದು ಕೆಲಸ ಮಾಡಲು ಸಾಮಾನ್ಯವಾಗಿ ಮದರ್‌ಬೋರ್ಡಿನ ಒಳಗಿನ ಯುಎಸ್‌ಬಿ ಪಿನ್‌ಗಳಿಗೆ ಇನ್ನೊಂದು ತಂತಿಯನ್ನು ಜೋಡಿಸಬೇಕು. ಕೆಲವು ಮದರ್‌ಬೋರ್ಡ್‌ಗಳಲ್ಲಿ ಎಂ.2 ಎಂಬ ಕಿರಿದಾದ ಸ್ಲಾಟ್ ಇರುತ್ತದೆ. ಇಲ್ಲಿ ಹೆಸರುಗಳ ಬಗ್ಗೆ ಎಚ್ಚರ ಬೇಕು: ಇಂಟೆಲ್‌ನ ಎಎಕ್ಸ್ 200 ಸಾಮಾನ್ಯ ಸ್ಲಾಟುಗಳಲ್ಲಿ ನಡೆಯುತ್ತದೆ, ಎಎಕ್ಸ್ 201 ಇಂಟೆಲ್‌ನ ನಿರ್ದಿಷ್ಟ ಮದರ್‌ಬೋರ್ಡುಗಳಲ್ಲಿ ಮಾತ್ರ.

ಡ್ರೈವರ್ ತಂತ್ರಾಂಶ

ಅಡಾಪ್ಟರಿನೊಳಗಿನ ಚಿಪ್ ಯಾವುದೆಂಬುದನ್ನು ಅವಲಂಬಿಸಿ ಡ್ರೈವರ್ ಬೇರೆಬೇರೆಯಾಗಿರುತ್ತದೆ. ಲಿನಕ್ಸ್ ಬಳಸುವವರಿಗೆ ಇದು ಮುಖ್ಯವಾದ ಸಂಗತಿ; ಕೆಲವು ಚಿಪ್‌ಗಳ ಡ್ರೈವರ್ ಕರ್ನೆಲ್‌ನಲ್ಲೇ ಇದ್ದರೆ, ಕೆಲವನ್ನು ಹುಡುಕಿ ಹಾಕಿಕೊಳ್ಳಬೇಕು. ಮಾದರಿಯ ಹೆಸರು ಒಂದೇ ಆದರೂ ಒಳಗಿನ ಚಿಪ್ ಬದಲಾಗಿರಬಹುದು. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯೂಎನ್722ಎನ್ ಅಡಾಪ್ಟರಿನ ಮೊದಲ ವರ್ಷನ್‌ನಲ್ಲಿ ಅಥೆರೋಸ್ ಚಿಪ್ ಇದ್ದರೆ, ಎರಡನೆಯದರಲ್ಲಿ ರಿಯಲ್‌ಟೆಕ್ ಚಿಪ್ ಇದೆ. ಆದುದರಿಂದ ಪೆಟ್ಟಿಗೆಯ ಮೇಲಿನ ವರ್ಷನ್ ಸಂಖ್ಯೆಯನ್ನೂ ಓದಬೇಕು.

ಅಂತರಜಾಲವಿಲ್ಲದೆ ಡ್ರೈವರ್ ಸಿಗದು, ಡ್ರೈವರ್ ಇಲ್ಲದೆ ಅಂತರಜಾಲವಿಲ್ಲ ಎಂಬ ಇಕ್ಕಟ್ಟು ಅಪರೂಪವೇನಲ್ಲ. ಆಂಡ್ರಾಯ್ಡ್ ಫೋನನ್ನು ಕೇಬಲ್ ಮೂಲಕ ಗಣಕಯಂತ್ರಕ್ಕೆ ಜೋಡಿಸಿ, ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಆರಿಸಿದರೆ ಆ ಹೊತ್ತಿಗೆ ಸಂಪರ್ಕ ದೊರೆಯುತ್ತದೆ.

ತಂತಿಯ ಆಯ್ಕೆ

ಗಣಕಯಂತ್ರವನ್ನು ಮೇಜಿನಿಂದ ಕದಲಿಸುವ ಪ್ರಮೇಯವಿಲ್ಲದಿದ್ದು, ರೂಟರ್ ಅದೇ ಕೋಣೆಯಲ್ಲಿದ್ದರೆ ಅಡಾಪ್ಟರಿನ ಅಗತ್ಯವೇ ಇಲ್ಲ. ಕ್ಯಾಟ್ 5ಇ ದರ್ಜೆಯ ಈಥರ್‌ನೆಟ್ ಕೇಬಲ್ 100 ಮೀಟರ್ ದೂರದವರೆಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗವನ್ನು ಒಯ್ಯಬಲ್ಲದು.