ಸ್ನಾನಗೃಹದಲ್ಲಿ ಹಸಿರು: ಗಿಡಗಳ ಆಯ್ಕೆ, ಆರೈಕೆ ಮತ್ತು ಎಚ್ಚರಿಕೆ

ನಮ್ಮ ಹಿರಿಯರ ಮನೆಗಳಲ್ಲಿ ಬಚ್ಚಲುಮನೆಯು ಹಿತ್ತಿಲಿಗೆ ಹೊಂದಿಕೊಂಡಿರುತ್ತಿತ್ತು. ಮಿಂದ ನೀರು ಸಣ್ಣ ಕಾಲುವೆಯಲ್ಲಿ ಹರಿದು ಬಾಳೆ, ಕೆಸು, ಕನಕಾಂಬರ, ತೆಂಗುಗಳ ಬುಡವನ್ನು ಸೇರುತ್ತಿತ್ತು. ನೀರು ಒಳಗಿನಿಂದ ಹೋಗುತ್ತಿತ್ತು, ಗಿಡ ಮಾತ್ರ ಹೊರಗಿನ ಬಿಸಿಲು ಗಾಳಿಗಳಲ್ಲಿಯೇ ಬೆಳೆಯುತ್ತಿತ್ತು. ಇಂದು ಪಟ್ಟಣಗಳ ಬಹುಪಾಲು ಮನೆಗಳಿಗೆ ಹಿತ್ತಿಲಿಲ್ಲ. ಕೋಣೆಗೆ ಅಂಟಿಕೊಂಡ ಪುಟ್ಟ ಸ್ನಾನಗೃಹವಿದೆ, ಎತ್ತರದಲ್ಲೊಂದು ಕಿರುಗಿಂಡಿಯಿದೆ. ಹಸಿರಿನ ಹಂಬಲವು ಅಲ್ಲಿಗೂ ತಲುಪಿ, ಗಿಡವೇ ಒಳಗೆ ಬಂದು ಕುಳಿತಿದೆ.

ಇದು ಒಳ್ಳೆಯ ಹಂಬಲವೇ. ಬೆಳಗಿನ ಸ್ನಾನದ ವೇಳೆಗೆ ಕಣ್ಣೆದುರು ನಾಲ್ಕು ಹಸಿರೆಲೆಗಳಿದ್ದರೆ ಮನಸ್ಸಿಗೆ ಮುದ ದೊರೆಯುತ್ತದೆ. ಆದರೆ ಸ್ನಾನಗೃಹವೆಂಬುದು ಕತ್ತಲು, ತೇವ, ಬಿಸಿನೀರಿನ ಹಬೆ ಮತ್ತು ಶುಚಿಕಾರಕ ರಾಸಾಯನಿಕಗಳು ಒಂದೆಡೆ ಸೇರುವ ಸ್ಥಳ. ಅಲ್ಲಿಗೆ ತಕ್ಕ ಗಿಡವನ್ನು ಆರಿಸದಿದ್ದರೆ ಗಿಡ ಸಾಯುತ್ತದೆ. ತಕ್ಕ ರೀತಿಯಲ್ಲಿ ನೋಡಿಕೊಳ್ಳದಿದ್ದರೆ ಮನೆಯವರ ಆರೋಗ್ಯಕ್ಕೇ ತೊಂದರೆಯಾಗಬಹುದು. ಆದುದರಿಂದ ಈ ವಿಷಯವನ್ನು ಅಲಂಕಾರದ ದೃಷ್ಟಿಯಿಂದಷ್ಟೇ ಅಲ್ಲದೆ ಆರೋಗ್ಯದ ದೃಷ್ಟಿಯಿಂದಲೂ ವಿಚಾರಿಸುವುದು ಅವಶ್ಯವಾಗಿದೆ.

ಗಿಡವು ಗಾಳಿಯನ್ನು ಶುದ್ಧಗೊಳಿಸುತ್ತದೆಯೇ?

ನರ್ಸರಿಗಳಲ್ಲಿ ಕೆಲವು ಗಿಡಗಳಿಗೆ ‘ಗಾಳಿ ಶುದ್ಧಿಗೊಳಿಸುವ ಗಿಡ’ ಎಂಬ ಚೀಟಿ ಅಂಟಿಸಿರುವುದನ್ನು ನಾವೆಲ್ಲ ನೋಡಿದ್ದೇವೆ. ಈ ನಂಬಿಕೆಯ ಮೂಲವು ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾ 1989ರಲ್ಲಿ ಪ್ರಕಟಿಸಿದ ಒಂದು ವರದಿಯಲ್ಲಿದೆ. ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ಗಿಡಗಳನ್ನಿರಿಸಿ, ಬೆಂಜೀನ್, ಫಾರ್ಮಾಲ್ಡಿಹೈಡ್ ಮೊದಲಾದ ಅನಿಲಗಳು ಎಷ್ಟು ಕಡಿಮೆಯಾಗುತ್ತವೆಂದು ಅಲ್ಲಿ ಅಳೆಯಲಾಗಿತ್ತು. ಅನಿಲಗಳು ಕಡಿಮೆಯಾದುದು ನಿಜ. ಆದರೆ ನಮ್ಮ ಮನೆ ಮುಚ್ಚಿದ ಪೆಟ್ಟಿಗೆಯಲ್ಲ. ಬಾಗಿಲು ಕಿಟಕಿಗಳ ಮೂಲಕ ಗಾಳಿ ಸದಾ ಬದಲಾಗುತ್ತಲೇ ಇರುತ್ತದೆ.

ಇಂತಹ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ ಒಂದು ವಿಮರ್ಶೆಯು 2019ರಲ್ಲಿ ಪ್ರಕಟವಾಯಿತು. ಸಹಜವಾಗಿ ಬಂದುಹೋಗುವ ಗಾಳಿಯು ಮಾಡುವಷ್ಟು ಶುದ್ಧೀಕರಣವನ್ನು ಗಿಡಗಳಿಂದಲೇ ಮಾಡಿಸಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡಗಳು ಬೇಕಾಗುತ್ತವೆ ಎಂಬುದು ಅದರ ನಿರ್ಣಯ. ನಾಲ್ಕಡಿ ಅಗಲ, ಆರಡಿ ಉದ್ದದ ಸ್ನಾನಗೃಹವು ಸುಮಾರು 2.2 ಚದರ ಮೀಟರಿನಷ್ಟಿರುತ್ತದೆ. ಅತಿ ಕಡಿಮೆ ಲೆಕ್ಕದಂತೆಯೂ ಅಲ್ಲಿ ಇಪ್ಪತ್ತೆರಡು ಕುಂಡಗಳನ್ನು ಇಡಬೇಕು. ಆಗ ಸ್ನಾನ ಮಾಡುವವರಿಗೆ ನಿಲ್ಲಲು ಜಾಗವಿರದು.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅನೇಕ ಮನೆಗಳಲ್ಲಿ ನೀರು ಕಾಯಿಸುವ ಗ್ಯಾಸ್ ಗೀಸರ್ ಸ್ನಾನಗೃಹದೊಳಗೇ ಇರುತ್ತದೆ. ಗಾಳಿ ಸಾಲದ ಕೋಣೆಯಲ್ಲಿ ಅದು ಉರಿದಾಗ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆಸುತ್ತು ಬಂದು, ಎಚ್ಚರ ತಪ್ಪಿ, ಸ್ನಾನಕ್ಕೆ ಹೋದವರು ಹೊರಗೆ ಬಾರದೆ ಪ್ರಾಣ ಕಳೆದುಕೊಂಡ ಸುದ್ದಿಗಳು ಚಳಿಗಾಲದಲ್ಲಿ ಮತ್ತೆ ಮತ್ತೆ ಬರುತ್ತವೆ. ಯಾವ ಗಿಡವೂ ಈ ಅನಿಲದಿಂದ ನಮ್ಮನ್ನು ಕಾಯಲಾರದು. ಗ್ಯಾಸ್ ಗೀಸರನ್ನು ಸ್ನಾನಗೃಹದ ಹೊರಗೆ, ಬಯಲು ಗಾಳಿಯಿರುವಲ್ಲಿ ಅಳವಡಿಸುವುದೇ ಸರಿಯಾದ ಕ್ರಮ. ಗಾಳಿಕಿಂಡಿಯ ಮುಂದೆ ಕುಂಡಗಳನ್ನು ಸಾಲಾಗಿ ಜೋಡಿಸಿ ಗಾಳಿಯನ್ನು ತಡೆಯುವುದಂತೂ ಸರ್ವಥಾ ಕೂಡದು. ಗಿಡವಿರುವುದು ಕಣ್ಣಿನ ತಂಪಿಗೆ. ಉಸಿರಾಟದ ರಕ್ಷಣೆ ಕಿಟಕಿಯ ಕೆಲಸ.

ಮೊದಲು ಸ್ಥಳವನ್ನು ಪರೀಕ್ಷಿಸಬೇಕು

ಗಿಡವನ್ನು ಕೊಳ್ಳುವ ಮೊದಲು ಸ್ನಾನಗೃಹದ ಬೆಳಕನ್ನು ಅರಿಯಬೇಕು. ನಡುಹಗಲಿನಲ್ಲಿ ದೀಪವನ್ನು ಆರಿಸಿ, ಗಿಡ ಇಡಬೇಕೆಂದಿರುವ ಜಾಗದಲ್ಲಿ ವೃತ್ತಪತ್ರಿಕೆಯನ್ನು ಹಿಡಿದು ನೋಡುವುದು ಸುಲಭವಾದ ಪರೀಕ್ಷೆ. ಅಕ್ಷರಗಳನ್ನು ಶ್ರಮವಿಲ್ಲದೆ ಓದಲಾಗುವಂತಿದ್ದರೆ ನೆರಳನ್ನು ಸಹಿಸುವ ಗಿಡಗಳು ಅಲ್ಲಿ ಬದುಕುತ್ತವೆ. ಓದಲಾಗದಷ್ಟು ಕತ್ತಲಿದ್ದರೆ ಯಾವ ಗಿಡವೂ ಅಲ್ಲಿ ಬಹುಕಾಲ ನಿಲ್ಲದು. ಆಹಾರ ತಯಾರಿಸಿಕೊಳ್ಳಲು ಗಿಡಕ್ಕೆ ಬೆಳಕೇ ಆಧಾರ. ನೀರು ಗೊಬ್ಬರಗಳು ಅದರ ಕೊರತೆಯನ್ನು ತುಂಬಲಾರವು.

ಕತ್ತಲೆಯ ಸ್ನಾನಗೃಹವುಳ್ಳವರು ಎರಡು ಕುಂಡಗಳನ್ನು ಇಟ್ಟುಕೊಳ್ಳಬಹುದು. ಒಂದು ವಾರ ಒಂದು ಕುಂಡ ಒಳಗಿರಲಿ, ಇನ್ನೊಂದು ಜಗಲಿಯ ಅಥವಾ ಬಾಲ್ಕನಿಯ ನೆರಳಿನಲ್ಲಿರಲಿ. ಮುಂದಿನ ವಾರ ಅವುಗಳ ಸ್ಥಾನ ಬದಲಾಗಲಿ. ಹೀಗೆ ಮಾಡಿದರೆ ಎರಡೂ ಗಿಡಗಳು ಉಳಿಯುತ್ತವೆ.

ಕುಂಡವು ಗೀಸರಿನ ಪಕ್ಕದಲ್ಲಾಗಲಿ, ಬಿಸಿನೀರು ಸಿಡಿಯುವಲ್ಲಾಗಲಿ ಇರಬಾರದು. ಸೋಪಿನ ನೀರು, ಫಿನೈಲ್, ಶೌಚಾಲಯ ತೊಳೆಯುವ ಆ್ಯಸಿಡ್ ಮುಂತಾದವು ಬೀಳದಂತಹ ಎತ್ತರದಲ್ಲಿರಬೇಕು. ನೆಲದ ಮೇಲೆ ಇಡುವುದಂತೂ ಸಲ್ಲದು. ಒದ್ದೆಯಾದ ನೆಲದಲ್ಲಿ ವಯಸ್ಸಾದವರು ಕುಂಡಕ್ಕೆ ಕಾಲು ತಾಗಿ ಬಿದ್ದರೆ ಸೊಂಟದ ಮೂಳೆ ಮುರಿಯುವ ಭಯವಿದೆ. ಗೋಡೆಯ ಹಲಗೆ ಅಥವಾ ಗಟ್ಟಿಯಾದ ಕೊಕ್ಕೆಗೆ ತೂಗುಹಾಕಿದ ಕುಂಡವೇ ಕ್ಷೇಮ.

ಹೊಂದುವ ಗಿಡಗಳು, ಹೊಂದದ ಗಿಡಗಳು

ತೇವವನ್ನು ಪ್ರೀತಿಸುವ ಗಿಡಗಳಲ್ಲಿ ಜರೀಗಿಡಗಳಿಗೆ ಮೊದಲ ಸ್ಥಾನ. ಮಲೆನಾಡಿನ ಕಲ್ಲುಬಂಡೆಗಳ ನೆರಳಿನಲ್ಲಿ, ಹಳ್ಳದ ಅಂಚಿನಲ್ಲಿ ಅವು ತಾವಾಗಿಯೇ ಬೆಳೆಯುವುದನ್ನು ನಾವು ಕಾಣುತ್ತೇವೆ. ಮನೆಗಳಲ್ಲಿ ಸಾಮಾನ್ಯವಾಗಿ ಬೆಳೆಸುವುದು ಬೋಸ್ಟನ್ ಫರ್ನ್ ಎಂಬ ಜಾತಿಯನ್ನು. ಬಯಲುಸೀಮೆಯ ಒಣಹವೆಯಲ್ಲಿ ಪಡಸಾಲೆಯಲ್ಲಿಟ್ಟರೆ ಬಾಡುವ ಈ ಗಿಡವು ಸ್ನಾನಗೃಹದ ತೇವದಲ್ಲಿ ನಳನಳಿಸುತ್ತದೆ. ಮಣ್ಣು ಪೂರ್ತಿ ಒಣಗದಂತೆ ನೋಡಿಕೊಂಡರೆ ಸಾಕು. ಇದರಲ್ಲಿ ವಿಷಾಂಶವಿಲ್ಲ.

ಸ್ಪೈಡರ್ ಪ್ಲಾಂಟ್ ಎಂಬುದು ದಕ್ಷಿಣ ಆಫ್ರಿಕದ ಮೂಲದ ಗಿಡ. ಹಸಿರು ಬಿಳಿ ಪಟ್ಟೆಗಳ ನೀಳವಾದ ಎಲೆಗಳು ಹುಲ್ಲಿನಂತೆ ಬಾಗಿರುತ್ತವೆ, ಎಳೆಗಳ ತುದಿಯಲ್ಲಿ ಮರಿಗಿಡಗಳು ತೂಗುತ್ತವೆ. ಮಕ್ಕಳಿರುವ ಮನೆಗೆ ಇದೂ ನಿರಪಾಯಕರ. ಫ್ಲೋರೈಡ್ ಅಥವಾ ಲವಣ ಹೆಚ್ಚಿರುವ ಕೊಳವೆಬಾವಿಯ ನೀರನ್ನು ಎರೆದರೆ ಇದರ ಎಲೆಯ ತುದಿ ಕಂದುಬಣ್ಣಕ್ಕೆ ತಿರುಗುತ್ತದೆ. ಹಿಡಿದಿಟ್ಟ ಮಳೆನೀರು ಇದಕ್ಕೆ ಉತ್ತಮ.

ಬೆಳಕು ಕಡಿಮೆಯಿರುವಲ್ಲಿ ಸ್ನೇಕ್ ಪ್ಲಾಂಟ್ ತಾಳಿಕೊಳ್ಳುತ್ತದೆ. ಇದು ಪಶ್ಚಿಮ ಆಫ್ರಿಕದ್ದು. ದಪ್ಪ ಎಲೆಗಳಲ್ಲಿ ನೀರನ್ನು ಸಂಗ್ರಹಿಸಿಟ್ಟುಕೊಳ್ಳುವುದರಿಂದ ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು ಬೇಕು. ಎಲೆಗಳ ನಡುವೆ ನೀರು ನಿಂತರೆ ಬುಡ ಕೊಳೆಯುತ್ತದೆ. ಇದರ ಎಲೆಯನ್ನು ಅಗಿದರೆ ಹೊಟ್ಟೆ ತೊಳಸಬಹುದು. ಮನಿ ಪ್ಲಾಂಟ್ ಬಳ್ಳಿಯೂ ನೆರಳಿನಲ್ಲಿ ಬದುಕುತ್ತದೆಯಾದರೂ ಬೆಳಕು ತೀರ ಕಡಿಮೆಯಾದಾಗ ಎಲೆಯ ಹಳದಿ ಗೆರೆಗಳು ಮಾಸಿ ಬರಿ ಹಸಿರಾಗುತ್ತದೆ. ಅದನ್ನು ಕಿಟಕಿಯ ಹತ್ತಿರಕ್ಕೆ ಸರಿಸಬೇಕೆಂಬ ಸೂಚನೆಯದು.

ಲೋಳೆಸರ, ತುಳಸಿ, ದೊಡ್ಡಪತ್ರೆ ಇವು ಉಪಯುಕ್ತ ಗಿಡಗಳೆಂಬ ಕಾರಣಕ್ಕೆ ಕೆಲವರು ಇವನ್ನೂ ಸ್ನಾನಗೃಹದಲ್ಲಿ ಇಡುತ್ತಾರೆ. ಇವೆಲ್ಲ ಬೆಳಕನ್ನು ಬಯಸುವ ಗಿಡಗಳು. ನೆರಳಿನ ತೇವದಲ್ಲಿ ಲೋಳೆಸರದ ಬುಡ ಕೊಳೆಯುತ್ತದೆ, ತುಳಸಿ ಎಲೆ ಉದುರಿಸುತ್ತದೆ. ಇವಕ್ಕೆ ಅಂಗಳ ಅಥವಾ ಮಹಡಿಯೇ ತಕ್ಕ ಸ್ಥಳ.

ಕೆಸುವಿನ ಬಳಗದ ಗುಣ

ಸುವರ್ಣಗೆಡ್ಡೆಯನ್ನು ಹೆಚ್ಚುವಾಗ ಕೈಗೆ ಎಣ್ಣೆ ಸವರಿಕೊಳ್ಳುವುದೂ, ಕೆಸುವಿನ ಎಲೆಯ ಅಡಿಗೆಗೆ ಹುಣಿಸೆಹುಳಿ ಹಾಕುವುದೂ ನಮ್ಮ ತಾಯಂದಿರಿಗೆ ತಿಳಿದಿರುವ ವಿದ್ಯೆ. ಆ ಗಿಡಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳಿವೆ; ಅವು ಚರ್ಮಕ್ಕೆ, ನಾಲಗೆಗೆ ಚುಚ್ಚುವುದರಿಂದಲೇ ತುರಿಕೆ ಉಂಟಾಗುತ್ತದೆ. ಮನಿ ಪ್ಲಾಂಟ್, ಪೀಸ್ ಲಿಲಿ, ಅಗ್ಲೋನಿಮಾ, ಡೈಫೆನ್‌ಬೇಕಿಯಾ ಈ ಅಲಂಕಾರದ ಗಿಡಗಳೆಲ್ಲವೂ ಅದೇ ಕೆಸುವಿನ ಕುಟುಂಬಕ್ಕೆ ಸೇರಿದವು, ಅವುಗಳಲ್ಲಿಯೂ ಅದೇ ಹರಳುಗಳಿವೆ. ಇವುಗಳಲ್ಲಿ ಡೈಫೆನ್‌ಬೇಕಿಯಾ ಹೆಚ್ಚು ತೀಕ್ಷ್ಣವಾದುದು. ಅದರ ಕಾಂಡವನ್ನು ಅಗಿದವರ ನಾಲಗೆ ಊದಿ ಮಾತು ನಿಲ್ಲುವುದುಂಟು.

ತೆವಳುವ, ಸಿಕ್ಕಿದ್ದನ್ನು ಬಾಯಿಗಿಡುವ ಮಕ್ಕಳಿರುವ ಮನೆಯಲ್ಲಿ ಡೈಫೆನ್‌ಬೇಕಿಯಾವನ್ನು ಇಡಬಾರದು. ಉಳಿದವನ್ನು ಕೈಗೆಟುಕದ ಎತ್ತರದಲ್ಲಿಡಬೇಕು. ಮಗುವು ಎಲೆಯನ್ನು ಕಚ್ಚಿದ್ದು ತಿಳಿದರೆ ಬಾಯಿಯಲ್ಲಿರುವ ಚೂರುಗಳನ್ನು ತೆಗೆದು, ಬಾಯನ್ನು ಒರೆಸಿ, ತಣ್ಣನೆಯ ನೀರನ್ನೋ ಹಾಲನ್ನೋ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಬಲವಂತವಾಗಿ ವಾಂತಿ ಮಾಡಿಸಬಾರದು. ತುಟಿ ನಾಲಗೆಗಳು ಊದಿಕೊಂಡರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಗಿಡವನ್ನು ಕತ್ತರಿಸಿದ ಮೇಲೆ ಕೈ ತೊಳೆಯದೆ ಕಣ್ಣನ್ನು ಮುಟ್ಟಬಾರದು.

ನಿಂತ ನೀರೇ ಶತ್ರು

ಸ್ನಾನಗೃಹದ ಗಿಡಗಳಿಂದ ನಮ್ಮ ನಾಡಿನಲ್ಲಿ ಬರಬಹುದಾದ ದೊಡ್ಡ ಅಪಾಯವೆಂದರೆ ಸೊಳ್ಳೆ. ಡೆಂಗ್ಯೂ, ಚಿಕುನ್‌ಗುನ್ಯಾ ರೋಗಗಳನ್ನು ಹರಡುವ ಈಡಿಸ್ ಸೊಳ್ಳೆಯು ಕೊಳಚೆಯಲ್ಲಿ ಅಲ್ಲ, ಮನೆಯ ಒಳಗೂ ಸುತ್ತಲೂ ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಅದಕ್ಕೆ ಕೆರೆಯೇ ಬೇಕಿಲ್ಲ. ಕುಂಡದ ಕೆಳಗಿನ ತಟ್ಟೆಯ ನೀರು, ಮನಿ ಪ್ಲಾಂಟ್ ಇಟ್ಟ ಗಾಜಿನ ಸೀಸೆ, ಲಕ್ಕಿ ಬ್ಯಾಂಬೂ ಇಟ್ಟ ಬಟ್ಟಲು ಇಷ್ಟೇ ಸಾಕು. ಬೆಳೆದ ಸೊಳ್ಳೆಗೂ ಮನೆಯೊಳಗಿನ ಕತ್ತಲಾದ, ತೇವವಾದ ಮೂಲೆಗಳೇ ವಿಶ್ರಾಂತಿಯ ತಾಣ. ಸ್ನಾನಗೃಹದಲ್ಲಿ ಇವೆರಡೂ ಒಟ್ಟಿಗೆ ದೊರೆಯುತ್ತವೆ.

ಬಿದಿರಿನ ಹೆಸರಿದ್ದರೂ ಬಿದಿರಲ್ಲದ ಈ ಲಕ್ಕಿ ಬ್ಯಾಂಬೂ ಗಿಡದ ಒಂದು ಪ್ರಸಂಗ ಇಲ್ಲಿ ಉಲ್ಲೇಖನೀಯ. 2001ರಲ್ಲಿ ಚೀನಾದಿಂದ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹಡಗಿನಲ್ಲಿ ಬಂದ ಈ ಗಿಡಗಳ ನೀರಿನೊಡನೆ ಈಡಿಸ್ ಜಾತಿಯ ಸೊಳ್ಳೆಗಳೂ ಅಲ್ಲಿಗೆ ತಲುಪಿದ್ದು ಪತ್ತೆಯಾಯಿತು. ಸಮುದ್ರವನ್ನೇ ದಾಟಿದ ಸೊಳ್ಳೆಗೆ ನಮ್ಮ ಮನೆಯ ಸೀಸೆ ದೂರವೇನಲ್ಲ.

ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನಗಳು ಸಾಕು. ಮೊಟ್ಟೆಗಳು ನೀರಿನ ಮಟ್ಟಕ್ಕೆ ತುಸು ಮೇಲೆ ಪಾತ್ರೆಯ ಒಳಗೋಡೆಗೆ ಅಂಟಿಕೊಂಡಿರುತ್ತವೆ, ನೀರು ಒಣಗಿದರೂ ತಿಂಗಳುಗಟ್ಟಲೆ ಸಾಯದೆ ಉಳಿಯುತ್ತವೆ. ಆದುದರಿಂದ ಹಳೆಯ ನೀರನ್ನು ಚೆಲ್ಲಿ ಹೊಸ ನೀರು ತುಂಬಿದರೆ ಸಾಲದು. ವಾರಕ್ಕೊಂದು ದಿನವನ್ನು ಗೊತ್ತುಮಾಡಿಕೊಂಡು ಸೀಸೆಯ ಒಳಭಾಗವನ್ನು ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು. ಗಿಡದ ಬೇರುಗಳನ್ನೂ ತೊಳೆಯಬೇಕು. ಕುಂಡದ ತಟ್ಟೆಯ ನೀರನ್ನು ಗಿಡಕ್ಕೆ ನೀರೆರೆದ ಅರ್ಧ ಗಂಟೆಯೊಳಗೆ ಚೆಲ್ಲಿ ಒರೆಸಬೇಕು. ಇದು ಕಷ್ಟವೆನಿಸಿದರೆ ನೀರಿನ ಸೀಸೆಯನ್ನು ಬಿಟ್ಟು ಗಿಡವನ್ನು ಮಣ್ಣಿಗೆ ನೆಡುವುದೇ ಲೇಸು. ಸ್ನಾನಗೃಹದ ಬಕೆಟ್ಟು, ಡ್ರಮ್ಮುಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಆಸ್ಪದ ಕೊಡುವವರಿಗೆ ದಂಡವನ್ನೂ ವಿಧಿಸಿತು. ದಂಡದ ಭಯಕ್ಕಿಂತ, ನಮ್ಮ ಮನೆಯಲ್ಲಿ ಹುಟ್ಟಿದ ಸೊಳ್ಳೆ ನೆರೆಮನೆಯ ಮಗುವನ್ನೂ ಕಚ್ಚಬಲ್ಲದೆಂಬ ಅರಿವು ನಮ್ಮಲ್ಲಿರಬೇಕು.

ದಿನನಿತ್ಯದ ಆರೈಕೆ

ಕುಂಡದ ತಳದಲ್ಲಿ ನೀರು ಬಸಿದುಹೋಗಲು ರಂಧ್ರಗಳಿರಬೇಕು. ಎರಡು ಭಾಗ ಕೆಂಪುಮಣ್ಣು, ಒಂದು ಭಾಗ ತೆಂಗಿನ ನಾರಿನ ಪುಡಿ, ಒಂದು ಭಾಗ ಎರೆಹುಳು ಗೊಬ್ಬರ ಮತ್ತು ಹಿಡಿ ಮರಳು ಸೇರಿಸಿದ ಮಿಶ್ರಣವು ಬಹುತೇಕ ಗಿಡಗಳಿಗೆ ಒಪ್ಪುತ್ತದೆ. ಸ್ನೇಕ್ ಪ್ಲಾಂಟಿಗೆ ಮರಳು ಹೆಚ್ಚಿರಲಿ.

ಸ್ನಾನಗೃಹದ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಜಾಸ್ತಿ. ಬೆರಳನ್ನು ಮಣ್ಣಿನಲ್ಲಿ ಒಂದು ಅಂಗುಲ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರೆರೆಯಬೇಕು. ಮಳೆಗಾಲದಲ್ಲಿ ಈ ಅಂತರ ಇನ್ನೂ ಹೆಚ್ಚುತ್ತದೆ. ಮಣ್ಣಿನ ಮೇಲೆ ಬಿಳಿಯ ಬೂಷ್ಟು ಕಂಡರೆ ನೀರು ಹೆಚ್ಚಾಗಿದೆ, ಗಾಳಿ ಕಡಿಮೆಯಾಗಿದೆ ಎಂದರ್ಥ. ಮೇಲ್ಮಣ್ಣನ್ನು ತೆಗೆದುಹಾಕಿ, ಕುಂಡವನ್ನು ಕೆಲವು ದಿನ ಹೊರಗಿಡಬೇಕು. ಗೋಡೆಗಳಲ್ಲಿಯೂ ಬೂಷ್ಟು ಹಿಡಿದಿದ್ದರೆ, ಮನೆಯಲ್ಲಿ ಉಬ್ಬಸದ ರೋಗಿಗಳಿದ್ದರೆ, ಆ ಸ್ನಾನಗೃಹ ಒಣಗಿ ಗಾಳಿಯಾಡುವವರೆಗೂ ಗಿಡಗಳನ್ನು ಇಡದಿರುವುದು ಒಳಿತು. ಗಿಡ ಮತ್ತು ಒದ್ದೆ ಮಣ್ಣು ತೇವವನ್ನು ಕೂಡಿಸುತ್ತವೆಯೇ ಹೊರತು ಕಳೆಯುವುದಿಲ್ಲ. ಸ್ನಾನವಾದ ಮೇಲೆ ಕಿಟಕಿ ಬಾಗಿಲುಗಳನ್ನು ತೆರೆದಿಡುವುದು, ಅಥವಾ ಗಾಳಿ ಹೊರಹಾಕುವ ಫ್ಯಾನನ್ನು ಸ್ವಲ್ಪ ಹೊತ್ತು ನಡೆಸುವುದು ಗಿಡಕ್ಕೂ ಗೋಡೆಗೂ ಮನುಷ್ಯರಿಗೂ ಹಿತ.

ಹದಿನೈದು ದಿನಗಳಿಗೊಮ್ಮೆ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸೋಪು ಪೌಡರುಗಳ ಪದರವನ್ನು ತೆಗೆಯಬೇಕು. ಶೌಚಾಲಯವನ್ನು ಆ್ಯಸಿಡ್ ಅಥವಾ ಬ್ಲೀಚಿಂಗ್ ಪುಡಿಯಿಂದ ತೊಳೆಯುವ ದಿನ ಗಿಡವನ್ನು ಹೊರಗಿಡಬೇಕು. ಆ್ಯಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಬೆರೆಸಬಾರದು. ಅದರಿಂದ ಹೊರಡುವ ಕ್ಲೋರಿನ್ ಅನಿಲವು ಶ್ವಾಸಕೋಶಕ್ಕೆ ಘಾತಕ. ಒಳಗಿನ ಗಿಡಗಳಿಗೆ ಗೊಬ್ಬರ ಎರಡು ತಿಂಗಳಿಗೊಂದು ಹಿಡಿ ಸಾಕು.

ಒಂದು ಸ್ನಾನಗೃಹಕ್ಕೆ ಒಂದೆರಡು ಗಿಡಗಳು ಧಾರಾಳ. ಹೊಸದಾಗಿ ಆರಂಭಿಸುವವರು ಒಂದು ಜರೀಗಿಡವನ್ನೋ ಸ್ಪೈಡರ್ ಪ್ಲಾಂಟನ್ನೋ ತಂದು, ಗಾಳಿಕಿಂಡಿಯನ್ನು ಮರೆಮಾಡದಂತೆ ತೂಗುಹಾಕಿ, ವಾರಕ್ಕೊಂದು ದಿನ ಅದರ ತಟ್ಟೆಯನ್ನು ತಿಕ್ಕಿ ತೊಳೆಯುವ ಅಭ್ಯಾಸವನ್ನು ಮನೆಯ ಮಕ್ಕಳಿಗೇ ವಹಿಸಿಕೊಡಲಿ. ಗಿಡದ ಆರೈಕೆಯನ್ನು ಕಲಿತ ಮಗುವು ನೀರು, ಗಾಳಿ ಮತ್ತು ಶುಚಿತ್ವದ ಬೆಲೆಯನ್ನೂ ಅದರೊಡನೆಯೇ ಕಲಿಯುತ್ತದೆ.